ಉಡಚಪ್ಪನ ತಾಳದ ಡಬ್ಬಿ

ಬ್ಯಾಡಗಿಯ ಉಡಚಪ್ಪನಿಗೆ ದೇವರು ಎರಡು ಒಳ್ಳೆಯ ಕಿವಿ ಕೊಟ್ಟು, ಎರಡು ಕೆಟ್ಟ ಕೈ ಕೊಟ್ಟಿದ್ದ. ಇದು ನಾವು ಆಡುವ ಮಾತಲ್ಲ, ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾತು. ತಾಳ ಎಲ್ಲಿ ತಪ್ಪಿತು ಎಂಬುದು ತಪ್ಪಿದ ಕ್ಷಣಕ್ಕೇ ಅವನಿಗೆ ಗೊತ್ತಾಗುತ್ತಿತ್ತು. ತೊಂದರೆ ಏನೆಂದರೆ, ತಪ್ಪಿಸುತ್ತಿದ್ದವನೂ ಅವನೇ ಆಗಿರುತ್ತಿದ್ದ.

ಹಾಗಂತ ಆ ಕೈಗಳು ಯಾವುದಕ್ಕೂ ಬಾರದವಲ್ಲ. ರಾಣೇಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಅವನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ ಇತ್ತು. ದಿನಾ ಬೆಳಿಗ್ಗೆ ಬ್ಯಾಡಗಿಯಿಂದ ಪ್ಯಾಸೆಂಜರ್ ಗಾಡಿಗೆ ಬಂದು ಬಾಗಿಲು ತೆಗೆಯುತ್ತಿದ್ದ. ಕೂದಲೆಳೆಯಷ್ಟು ಸಣ್ಣ ತಂತಿಗೂ ನಡುಗದೆ ಬೆಸುಗೆ ಹಾಕುವ ಕೈ. ಅದೇ ಕೈಗೆ ಢೋಲಿನ ಕೋಲು ಕೊಟ್ಟರೆ ಮಾತ್ರ ಬಲಗೈ ಹಾವೇರಿಗೆ, ಎಡಗೈ ಹರಿಹರಕ್ಕೆ ಹೊರಡುತ್ತಿತ್ತು.

ಅವನ ಆಸೆಯಾದರೂ ದೊಡ್ಡದೇನಲ್ಲ. ರಾಣೇಬೆನ್ನೂರಿನಲ್ಲಿ ಶಮಶೇರಸಾಬನ ಬ್ಯಾಂಡ್ ಕಂಪನಿ ಇತ್ತು. ಮದುವೆ ಮೆರವಣಿಗೆಯಲ್ಲಿ ಆ ಕಂಪನಿಯ ದೀಪ ಕಟ್ಟಿದ ತಳ್ಳುಗಾಡಿಯ ಮೇಲೆ, ಕೆಂಪು ಕೋಟು ಹಾಕಿಕೊಂಡು, ಒಮ್ಮೆ ನಿಂತು ಬಾರಿಸಬೇಕು. ಇಷ್ಟೇ. ಹದಿನೆಂಟನೆಯ ವಯಸ್ಸಿನಲ್ಲಿ ಹುಟ್ಟಿದ ಈ ಆಸೆ ಮೂವತ್ತೈದಾದರೂ ಸಾಯಲಿಲ್ಲ. ಮದುವೆಯಾದ ಮೇಲೆ ಆಸೆಗಳೆಲ್ಲ ತಾವಾಗಿಯೇ ಸಾಯುತ್ತವೆ ಎಂದು ಹಿರಿಯರು ಹೇಳಿದ್ದರು. ಹೆಂಡತಿ ಪುಷ್ಪಲತಾ ಬಂದು ಹತ್ತು ವರ್ಷವಾಗಿತ್ತು, ಆಸೆ ಹಾಗೇ ಇತ್ತು.

ಆ ಕಂಪನಿಯ ಢೋಲು ಬಾರಿಸುವವನು ಗೂಡುಸಾಬ. ಅರವತ್ತು ದಾಟಿದ ಒಣಕಲು ಮನುಷ್ಯ. ಉಡಚಪ್ಪ ಹುಡುಗನಾಗಿದ್ದಾಗ ಮೂರು ವರ್ಷ ಅವನ ಬೆನ್ನು ಹತ್ತಿ ಕಲಿತಿದ್ದ. ಕಲಿತಿದ್ದ ಎನ್ನುವುದಕ್ಕಿಂತ ಗೂಡುಸಾಬನ ತಾಳ್ಮೆಯನ್ನು ಪರೀಕ್ಷೆ ಮಾಡಿದ್ದ ಎನ್ನುವುದು ಸರಿ. ಮೂರನೆಯ ವರ್ಷ ಮುಗಿದ ದಿನ ಗೂಡುಸಾಬ ಅವನ ಕೈಯಿಂದ ಕೋಲು ಇಸಿದುಕೊಂಡು, ಬೈಯದೆ, ಮೆತ್ತಗೆ ಹೇಳಿದ:

"ತಮ್ಮಾ, ನಿನ್ನ ಕೈ ಬೀಗರಿದ್ದಂಗ ಅದಾವ. ಬರ್ತಾವ, ಇಲ್ಲಂತಲ್ಲ. ಆದ್ರ ಯಾವಾಗ ಬರ್ತಾವ ಅಂತ ಯಾರಿಗೂ ಹೇಳಾಕ ಬರೂದಿಲ್ಲ. ನೀ ರೇಡಿಯೋ ಬಿಚ್ಚೂದು ಬಿಡಬ್ಯಾಡ."

ಉಡಚಪ್ಪ ಅಂದು ಅತ್ತ. ಆಮೇಲೆ ಆ ಮಾತನ್ನೇ ಕಟ್ಟೆಯ ಮೇಲೆ ಕೂತು ತನ್ನ ಮೇಲಿನ ಜೋಕು ಮಾಡಿ ಹೇಳಿ, ಎಲ್ಲರಿಗಿಂತ ಮೊದಲು ತಾನೇ ನಕ್ಕ. ಬೇರೆಯವರು ನಗುವ ಮುಂಚೆ ನಾವೇ ನಕ್ಕುಬಿಟ್ಟರೆ ಅರ್ಧ ನೋವು ಕಡಿಮೆ ಎಂಬುದು ಅವನ ಲೆಕ್ಕವಾಗಿತ್ತು.

ಹೀಗಿರುವಾಗ ಎರಡು ಸಾವಿರದ ನಾಲ್ಕನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಹಾವೇರಿಯಲ್ಲೊಂದು ಆರ್ಕೆಸ್ಟ್ರಾ ಮುಳುಗಿತು. ಹಾಡುವವಳು ಒಬ್ಬನನ್ನೂ ಕೀಬೋರ್ಡಿನವನು ಇನ್ನೊಬ್ಬಳನ್ನೂ ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದರಂತೆ. ಉಳಿದ ಸಾಮಾನು ವಿಲೇವಾರಿ ಮಾಡುವಾಗ, ತಾನು ರಿಪೇರಿ ಮಾಡಿಟ್ಟಿದ್ದ ಹಳೆಯ ಕಲರ್ ಟಿವಿಯೊಂದನ್ನು ಕೊಟ್ಟು ಉಡಚಪ್ಪ ಒಂದು ಕಪ್ಪು ಡಬ್ಬಿ ತಂದ. ಅದರ ಮೈಮೇಲೆ ಗ್ರೂವ್ ಬಾಕ್ಸ್ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಊರವರು ತಾಳದ ಡಬ್ಬಿ ಎಂದರು.

ಡಬ್ಬಿಯ ಮುಂದೆ ಸಾಲಾಗಿ ಹದಿನಾರು ಗುಂಡಿಗಳು. ಒಂದೊಂದು ಗುಂಡಿಗೆ ಒಂದೊಂದು ಸದ್ದು. ಯಾವ ಸದ್ದು ಎಷ್ಟನೆಯ ಹೆಜ್ಜೆಗೆ ಬೀಳಬೇಕೆಂದು ಮೊದಲೇ ಒತ್ತಿಟ್ಟರೆ ಸಾಕು, ಅದು ಆ ಸಾಲನ್ನು ತಪ್ಪದೆ, ದಣಿಯದೆ, ನಿಲ್ಲಿಸು ಎನ್ನುವವರೆಗೆ ತಿರುತಿರುಗಿ ಬಾರಿಸುತ್ತಿತ್ತು. ತಾಳ ತಪ್ಪುವವನಿಗೆ ತಾಳ ತಪ್ಪದ ಡಬ್ಬಿ. ಕುಂಟನಿಗೆ ಕುದುರೆ ಸಿಕ್ಕ ಹಾಗಾಯಿತು.

ಆದರೆ ಕುದುರೆ ಪರದೇಶದ್ದು. ಮೊದಲನೆಯ ಗುಂಡಿ ಒತ್ತಿದರೆ ದೂರದಲ್ಲಿ ಯಾರೋ ಹಾಸಿಗೆ ಝಾಡಿಸಿದ ಸದ್ದು. ಎರಡನೆಯದಕ್ಕೆ ಸೋಡಾ ಬಾಟಲಿಯ ಗೋಲಿ ಒಳಗೆ ತಳ್ಳಿದ ಸದ್ದು. ಇದನ್ನು ಕೇಳಿ ನಮ್ಮ ಕಡೆಯ ಮದುಮಗ ಕುದುರೆಯಿಂದ ಇಳಿದು ಓಡಿಹೋದರೂ ಆಶ್ಚರ್ಯವಿಲ್ಲ. ಹೊಸ ಸಾಮಾನು ಕೈಗೆ ಬಂದರೆ ಬೇರೆಯವರು ಪೂಜೆ ಮಾಡುತ್ತಾರೆ. ಉಡಚಪ್ಪ ಸ್ಕ್ರೂ ಬಿಚ್ಚುತ್ತಾನೆ. ಬಿಚ್ಚಿದ.

ಒಳಗೆ ಸದ್ದು ತುಂಬಿದ ಚಿಪ್‌ಗಳು, ಅವನ ಬಾಯಲ್ಲಿ ಚಿಪ್ಪುಗಳು, ಸಾಲಾಗಿ ಕೂತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಆ ಕಿಟಕಿಯೊಳಗೆ ವಾರಗಟ್ಟಲೆ ಬಿಸಿಲು ಬಿದ್ದರೆ ಒಳಗಿನದೆಲ್ಲ ಅಳಿದು ಚಿಪ್ಪು ಖಾಲಿಯಾಗುತ್ತದೆ, ಮತ್ತೆ ಬೇಕಾದ್ದು ತುಂಬಬಹುದು ಎಂಬುದು ಅವನಿಗೆ ಗೊತ್ತಿತ್ತು. ಬಿಸಿಲಿಗೆ ಬ್ಯಾಡಗಿಯಲ್ಲಿ ಬರವೇ? ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿತ್ತು. ಅದರ ಪಕ್ಕ ಒಂದು ತಟ್ಟೆಯಲ್ಲಿ ಚಿಪ್ಪುಗಳನ್ನೂ ಒಣಗಲು ಇಟ್ಟ. ಮೆಣಸಿನಕಾಯಿ ಕೈಯಾಡಿಸಲು ಬಂದ ಪುಷ್ಪಲತಾ ಸಾಲುಸಾಲು ಕಾಲಿನ ಆ ಕರಿಯ ವಸ್ತುಗಳನ್ನು ನೋಡಿ ಹೌಹಾರಿದಳು.

"ಅಯ್ಯ, ಇವೇನ್ರೀ? ಜರಿ ಹಿಡದು ಒಣಗಿಸಾಕತ್ತೀರೇನು?"

"ಜರಿ ಅಲ್ಲಬೇ, ಚಿಪ್ಪು. ಪರದೇಶದ ಬಡಿತ ಆರಿ ಹೋಗ್ಲಿ ಅಂತ ಇಟ್ಟೇನಿ."

"ನಿಮ್ಮ ತೆಲಿ ಮ್ಯಾಲ ಒಂದು ಕಿಟಕಿ ಇದ್ದಿದ್ರ ಚಲೋ ಇತ್ತು. ನಿಮ್ಮನ್ನೂ ಒಂದು ವಾರ ಇಲ್ಲೇ ಇಡತಿದ್ದೆ," ಎಂದು ಅವಳು ಕೆಳಗೆ ಹೋದಳು. ಈ ಮಾತನ್ನೂ ಉಡಚಪ್ಪ ಮರುದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಡಬ್ಬಿಯ ಸವೆದ ಗುಂಡಿಗಳನ್ನು ಕಿತ್ತು, ಆ ಜಾಗಕ್ಕೆ ಮನೆಬಾಗಿಲಿಗೆ ಹಾಕುವ ಬೆಲ್ ಸ್ವಿಚ್ಚುಗಳನ್ನು ಕೂರಿಸಿದ. ಹದಿನಾರು ಮನೆಗಳ ಬಾಗಿಲು ಒಂದೇ ಕಡೆ ಬಂದು ನಿಂತ ಹಾಗೆ ಕಾಣುತ್ತಿತ್ತು. ಇನ್ನು ಅದರೊಳಗೆ ತುಂಬಲು ನಮ್ಮ ಸದ್ದು ಬೇಕಿತ್ತು. ನಮ್ಮ ಸದ್ದು ಎಂದರೆ ಅವನ ಪಾಲಿಗೆ ಒಂದೇ, ಗೂಡುಸಾಬನ ಕೈ.

ಗೂಡುಸಾಬ ಕೇಳಿದ ಕೂಡಲೇ ಒಪ್ಪಿದ. ಯಾಕೆ, ಏನು ಎಂದು ಕೇಳಲಿಲ್ಲ. ಶಿಷ್ಯನಾಗದವನಿಗೂ ಗುರುವಿನ ಮೇಲೆ ಒಂದಿಷ್ಟು ಹಕ್ಕು ಇರುತ್ತದೆ ಎಂದುಕೊಂಡನೋ ಏನೋ. ಸದ್ದು ಹಿಡಿಯಲು ಮಾರ್ದನಿ ಇಲ್ಲದ ಜಾಗ ಬೇಕು. ಇಂಥ ಜಾಗ ಬ್ಯಾಡಗಿಯಲ್ಲಿ ಯಾವುದೆಂದು ಉಡಚಪ್ಪ ತಲೆ ಓಡಿಸಿದ, ಅದು ಓಡಬಾರದ ಕಡೆಯೇ ಓಡಿತು. ಅವನ ಅಣ್ಣನಿಗೆ ಮೆಣಸಿನಕಾಯಿಯ ಗೋದಾಮು ಇತ್ತು. ನೆಲದಿಂದ ಸೂರಿನವರೆಗೆ ಚೀಲದ ಮೇಲೆ ಚೀಲ. ಅಲ್ಲಿ ನಿಂತು ಕೂಗಿದರೆ ಧ್ವನಿ ಗೋಡೆ ಮುಟ್ಟುವ ಮೊದಲೇ ಚೀಲಗಳು ನುಂಗಿಬಿಡುತ್ತಿದ್ದವು. ಬೆಂಗಳೂರಿನವರು ಲಕ್ಷ ಸುರಿದರೂ ಇಂಥ ಸ್ಟುಡಿಯೋ ಕಟ್ಟಲಾರರು ಎಂದು ಉಡಚಪ್ಪ ಬೀಗಿದ.

ಸಂತೆಯಿಲ್ಲದ ದಿನ ನೋಡಿ, ಫೆಬ್ರವರಿಯ ಒಂದು ಮಧ್ಯಾಹ್ನ, ಗೂಡುಸಾಬನನ್ನು ಅಲ್ಲಿ ಕೂರಿಸಿ ಟೇಪ್ ರೆಕಾರ್ಡರ್ ಹಚ್ಚಿದ. "ಚಾಚಾ, ಒಂದ ಪೆಟ್ಟು ಹೊಡೀರಿ, ಸುಮ್ನಾಗ್ರಿ. ಮತ್ತೊಂದು ಹೊಡೀರಿ, ಸುಮ್ನಾಗ್ರಿ."

"ಇದೇನ್ ಬಾರಸೂದೋ? ಒಂದ ತುತ್ತು ಉಂಡು ಕೈ ತೊಳಕೋ ಅಂದಂಗಾತು," ಎಂದು ಗೂಡುಸಾಬ ಗೊಣಗಿದರೂ ಕೇಳಿದಷ್ಟು ಬಾರಿಸಿದ. ಢೋಲಿನ ಎರಡೂ ಮಗ್ಗುಲು, ತಾಸೆ, ಕಂಚಿನ ತಾಳ. ಆದರೆ ಅವನು ಹುಟ್ಟಿ ಬೆಳೆದದ್ದು ರಾಣೇಬೆನ್ನೂರಿನಲ್ಲಿ. ಮೆಣಸಿನ ಘಾಟು ಅವನಿಗೆ ಒಗ್ಗದು. ಮೂಗಿಗೆ ಟವೆಲ್ ಕಟ್ಟಿಕೊಂಡರೂ ಇಪ್ಪತ್ತು ಸಲ ಸೀನಿದ. ಸೀನಿದಾಗೊಮ್ಮೆ ಪೆಟ್ಟು ತಪ್ಪಿ, ಟೇಪು ಹಿಂದಕ್ಕೆ ಸುತ್ತಿ ಮತ್ತೆ ಹಿಡಿಯಬೇಕಾಯಿತು. ಕೊನೆಯಲ್ಲಿ ಮದುವೆಯ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ಹೊತ್ತಿಗೆ ಬಾರಿಸುವ ಗಟ್ಟಿಮೇಳದ ಉರುಳಿಕೆ. ಗೂಡುಸಾಬ ಅದನ್ನು ಬಾರಿಸಿದ ಬಗೆಗೆ ಉಡಚಪ್ಪನ ಮೈ ಜುಮ್ಮೆಂದಿತು. ಆ ಉರುಳಿಕೆಯ ತುದಿಗೆ, ಕೊನೆಯ ಪೆಟ್ಟಿನ ಬಾಲಕ್ಕೆ ಅಂಟಿಕೊಂಡು, ಒಂದು ಸೀನು, ಪೆಟ್ಟು ತಪ್ಪಿಸದ ಕಾರಣ, ಹಾಗೇ ಉಳಿಯಿತು.

ಹುಬ್ಬಳ್ಳಿಯ ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ ಆ ಸದ್ದುಗಳನ್ನೆಲ್ಲ ಚಿಪ್ಪಿಗೆ ತುಂಬಿಸಿಕೊಂಡು ಬಂದ. ಹದಿನಾರನೆಯ ಗುಂಡಿಯನ್ನು ಗಟ್ಟಿಮೇಳಕ್ಕೆಂದೇ ಇಟ್ಟ. ಅದನ್ನು ಅಂಗಡಿಯಲ್ಲಿ, ಮನೆಯಲ್ಲಿ ನೂರು ಸಲ ಒತ್ತಿ ಕೇಳಿದ. ನೂರು ಸಲವೂ ಸೀನು ಕೇಳಿತು, ಒಮ್ಮೆಯೂ ಕಿವಿಗೆ ಹತ್ತಲಿಲ್ಲ. ಇದಕ್ಕೆ ಬ್ಯಾಡಗಿಯವರಲ್ಲದವರು ನಗಬಹುದು. ಆ ಊರಿನಲ್ಲಿ ಸೀನು ಒಂದು ಸದ್ದೇ ಅಲ್ಲ. ಹುಟ್ಟಿದ ಕೂಸು ಮೊದಲು ಅಳುತ್ತದೆ, ಆಮೇಲೆ ಸೀನುತ್ತದೆ. ವ್ಯಾಪಾರ ಕುದುರಿಸುವಾಗ ಸೀನು, ಊಟಕ್ಕೆ ಕೂತಾಗ ಸೀನು, ಹೆಣ್ಣು ನೋಡಲು ಹೊರಟಾಗ ಸೀನು. ಸೀನಿಗೆ ಶಕುನ ನೋಡುತ್ತ ಕೂತರೆ ಬ್ಯಾಡಗಿಯಲ್ಲಿ ಒಂದು ಚೀಲವೂ ತೂಗುವುದಿಲ್ಲ, ಒಂದು ಮದುವೆಯೂ ಆಗುವುದಿಲ್ಲ. ಉಡಚಪ್ಪನ ಆ ಒಳ್ಳೆಯ ಕಿವಿಗಳು ಗೋಡೆಯ ಗಡಿಯಾರದ ಟಿಕ್‌ಟಿಕ್ ಬಿಟ್ಟಂತೆ ಅದನ್ನೂ ಬಿಟ್ಟುಬಿಟ್ಟವು.

ಮಾರ್ಚ್ ತಿಂಗಳಲ್ಲಿ ಡಬ್ಬಿಯನ್ನು ಬ್ಯಾಂಡ್ ಕಂಪನಿಗೆ ಒಯ್ದು ತೋರಿಸಿದ. ಗೂಡುಸಾಬನ ಜೊತೆ ಇದೂ ಒಂದು ಇರಲಿ, ತಾನೂ ಗಾಡಿಯ ಮೂಲೆಯಲ್ಲಿ ನಿಲ್ಲುತ್ತೇನೆ ಎಂಬುದಷ್ಟೇ ಅವನ ಮನಸ್ಸಿನಲ್ಲಿತ್ತು. ಶಮಶೇರಸಾಬ ಮೊದಲು ಡಬ್ಬಿಯನ್ನು ನೋಡಿದ, ಆಮೇಲೆ ಕಣ್ಣು ಮುಚ್ಚಿ ಕೇಳಿದ.

"ಇದು ಗೂಡುಸಾಬನ ಕೈ ಅಲ್ಲೇನು?"

"ಹೌದ್ರಿ ಮಾಲಕ್ರ, ಅವರದ."

"ಹಂಗಾರ ಇಬ್ಬರು ಗೂಡುಸಾಬರು ಯಾಕ ಬೇಕು? ಇದು ಬೀಡಿ ಕೇಳೂದಿಲ್ಲ, ಮಂಡಿ ನೋವು ಅನ್ನೂದಿಲ್ಲ."

ಮರುದಿನ ಗೂಡುಸಾಬನ ಕೋಟು ಕಂಪನಿಗೆ ವಾಪಸು ಬಂತು. ಕೋಟು ಕಂಪನಿಯದು ತಾನೇ. ಅದರ ಮರುದಿನ ಅದೇ ಕೋಟು ಉಡಚಪ್ಪನ ಮೈಮೇಲೆ ಬಂತು. ಅವನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಹದಿನೇಳು ವರ್ಷದ ಆಸೆ ಕೊರಳಿಗೆ ಬಂದು ಕೂತಾಗ ನ್ಯಾಯದ ಮಾತು ಹೊರಗೆ ಬರಲು ದಾರಿ ಸಿಗಲಿಲ್ಲ. ತನ್ನ ಕುರಿತು ನೂರು ಜೋಕು ಹೇಳಿದ ಉಡಚಪ್ಪ ಈ ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಗಾಡಿಯ ಮೇಲೆ ನಿಂತು ಹತ್ತು ಮದುವೆ ಮಾಡಿದ. ಕೆಲಸ ಏನೆಂದರೆ ಒಂದು ಗುಂಡಿ ಒತ್ತಿ ಸುಮ್ಮನೆ ನಿಲ್ಲುವುದು. ಜನ ನೋಡುತ್ತಾರೆಂದು ತಲೆ ಕುಣಿಸುತ್ತಿದ್ದ, ಅದೂ ತಾಳ ತಪ್ಪುತ್ತಿತ್ತು. ಅಕ್ಕಿಕಾಳಿನ ಹೊತ್ತಿಗೆ ಮಾತ್ರ ಇನ್ನೂ ಶಮಶೇರಸಾಬನೇ ಕಹಳೆಯವರಿಂದ ಊದಿಸುತ್ತಿದ್ದ. ಹಾಗಾಗಿ ಹದಿನಾರನೆಯ ಗುಂಡಿಗೆ ಪಾಳಿ ಬಂದಿರಲಿಲ್ಲ.

ಏಪ್ರಿಲ್‌ನಲ್ಲಿ ಗೂಡುಸಾಬನ ಮಗ ಜಾಕೀರ್ ಅಂಗಡಿಗೆ ಒಂದು ರೇಡಿಯೋ ತಂದ. ಅವನು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಹೊಟ್ಟೆಬಟ್ಟೆಗೆ ಕೊರತೆ ಇರಲಿಲ್ಲ. ರೇಡಿಯೋ ಬಿಚ್ಚುತ್ತ ಉಡಚಪ್ಪ ಕೆಳಗೆ ನೋಡಿಕೊಂಡೇ ಕೇಳಿದ, "ಚಾಚಾ ಹೆಂಗದಾರ?"

"ಅದಾರ. ಮದುವಿ ಇದ್ದ ದಿನ ಮುಂಜಾನೆದ್ದು ಗಡ್ಡ ಬೋಳಿಸ್ಕೊಂಡು ಬಾಗಲದಾಗ ಕುಂದರ್ತಾರ. ಯಾರರೆ ಕರಿಯಾಕ ಬರ್ತಾರೇನೋ ಅಂತ. ಅವ್ವ ಊಟಕ್ಕ ಕರದ್ರ, ತಡೀ ಮುಮ್ತಾಜ, ಈಗ ಬರಬಹುದು ಅಂತಾರ."

ಉಡಚಪ್ಪ ಅಂದು ಮೊದಲ ಸಲ ತಪ್ಪು ತಂತಿಗೆ ಬೆಸುಗೆ ಹಾಕಿ ಮತ್ತೆ ಬಿಚ್ಚಿದ. ರೇಡಿಯೋ ಸರಿಯಾಯಿತು, ಅವನು ಸರಿಯಾಗಲಿಲ್ಲ.

ಮೇ ತಿಂಗಳಲ್ಲಿ ಮೇಡ್ಲೇರಿಯಲ್ಲೊಂದು ದೊಡ್ಡ ಮದುವೆ. ತುಂಗಭದ್ರೆಯ ನೀರಾವರಿಯ ಕುಳ. ಮನೆಯ ಮುಂದೆ ಹಂದರ, ನಾಲ್ಕು ಮೂಲೆಗೆ ನಾಲ್ಕು ಬೀರುವಿನಂಥ ಸ್ಪೀಕರು. ಮದುಮಗಳ ಅಜ್ಜಿ ಸೋಮವ್ವ ಆ ಮನೆಯ ಯಜಮಾನಿ. ತನ್ನ ಮಗನ ಮದುವೆಯಲ್ಲಿ ಗೂಡುಸಾಬ ಬಾರಿಸಿದ್ದ ಎಂಬ ನೆನಪಿಗೆ ಅವನನ್ನೂ ಕರೆಸಿದ್ದಳು, ಬಾರಿಸಲು ಅಲ್ಲ, ಉಣ್ಣಲು. ಗೂಡುಸಾಬ ಬಿಳಿ ಅಂಗಿ ಹಾಕಿಕೊಂಡು ಗಂಡಸರ ನಡುವೆ ಕೂತಿದ್ದ. ಉಡಚಪ್ಪ ಕೆಂಪು ಕೋಟಿನಲ್ಲಿ ಡಬ್ಬಿಯ ಹಿಂದೆ ಅಡಗಿದ. ಅಡಗಲು ಡಬ್ಬಿ ಸಣ್ಣದಿತ್ತು.

"ಇವತ್ತು ಗಟ್ಟಿಮ್ಯಾಳಕ್ಕ ನಿನ್ನ ಡಬ್ಬೀನ ಹಚ್ಚು. ಸ್ಪೀಕರ್ ಚಲೋ ಅದಾವ," ಎಂದು ಶಮಶೇರಸಾಬ ಅಪ್ಪಣೆ ಕೊಟ್ಟ.

ಅಯ್ಯನವರು ಮಂತ್ರ ಮುಗಿಸಿ ಕೈ ಎತ್ತಿದರು. ಐನೂರು ಮುಷ್ಟಿಗಳು ಅಕ್ಕಿಕಾಳು ಹಿಡಿದು ಮೇಲೆದ್ದವು. ಉಡಚಪ್ಪ ಹದಿನಾರನೆಯ ಗುಂಡಿ ಒತ್ತಿದ. ಢೋಲಿನ ಉರುಳಿಕೆ ಹಂದರ ನಡುಗುವಂತೆ ಮೊಳಗಿತು. ಅದರ ತುದಿಗೆ ನಾಲ್ಕೂ ಮೂಲೆಯಿಂದ ಒಟ್ಟಿಗೇ, ಆನೆ ಸೀನಿದಷ್ಟು ಗಟ್ಟಿಯಾಗಿ, "ಆಕ್ಷೀ!"

ಎತ್ತಿದ ಮುಷ್ಟಿಗಳು ಎತ್ತಿದಂತೆಯೇ ನಿಂತವು.

"ಯಾಂವ ಅಂವ ಸೀನಿದಾಂವ?" ಸೋಮವ್ವ ಎದ್ದು ನಿಂತಳು. "ಒಂಟಿ ಸೀನು! ಯಾರೂ ಅಕ್ಕಿಕಾಳು ಹಾಕಬ್ಯಾಡ್ರಿ!"

ಒಂದೇ ಸೀನು ಕೇಡು, ಜೋಡಿ ಸೀನು ಶುಭ. ಇದು ಮೇಡ್ಲೇರಿಯ ಎಮ್ಮೆಗಳಿಗೂ ಗೊತ್ತಿರುವ ಮಾತು. ಗೊತ್ತಿಲ್ಲದವನು ಬ್ಯಾಡಗಿಯ ಉಡಚಪ್ಪ ಒಬ್ಬನೇ. ಅವನು ಸುಮ್ಮನಿದ್ದಿದ್ದರೆ ಯಾರೋ ಮುದುಕರ ಮೇಲೆ ಹೋಗಿ ಮುಗಿಯುತ್ತಿತ್ತು. ಆದರೆ ಸತ್ಯ ಹೇಳುವ ಹುಕಿ ಬರುವುದು ಇಂಥ ಹೊತ್ತಿನಲ್ಲೇ.

"ಅವ್ವಾರ, ಮನಷ್ಯಾರು ಯಾರೂ ಸೀನಿಲ್ರಿ," ಎಂದು ಮೈಕಿನಲ್ಲಿ ಹೇಳಿದ. "ಈ ಡಬ್ಬಿ ಸೀನೇತ್ರಿ. ಬೇಕಾದ್ರ ಕೇಳ್ರಿ." ಎಂದವನೇ ಮತ್ತೆ ಗುಂಡಿ ಒತ್ತಿ ತೋರಿಸಿದ. ಉರುಳಿಕೆ ಮೊಳಗಿತು. "ಆಕ್ಷೀ!"

ಸೋಮವ್ವ ಬೆರಳು ಮಡಚಿದಳು. "ಎರಡಾದ್ವು. ಹೋಗ್ಲಿ ಬಿಡ್ರಿ, ದೋಷ ಕಳೀತು. ಹಾಕ್ರಿ ಅಕ್ಕಿಕಾಳು."

ಮುಷ್ಟಿಗಳು ಮತ್ತೆ ಮೇಲೆದ್ದವು. ಎರಡನೆಯ ಸಲ ಒತ್ತುವಾಗ ಗಾಬರಿಯಲ್ಲಿ ಉಡಚಪ್ಪ ಡಬ್ಬಿಯನ್ನು ತಿರುತಿರುಗಿ ಬಾರಿಸುವ ಸ್ಥಿತಿಗೆ ಹಾಕಿಬಿಟ್ಟಿದ್ದ. ಅದು ತನ್ನ ಧರ್ಮ ಬಿಡಲಿಲ್ಲ. ಮೂರನೆಯ ಸಲ ಉರುಳಿತು, ಮೂರನೆಯ ಸಲ ಸೀನಿತು, ಜೋಡಿ ಮುರಿಯಿತು.

ಹಂದರದಲ್ಲಿ ಗುಜುಗುಜು ಎದ್ದಿತು. ಗಂಡಿನ ಸೋದರಮಾವ ಪೇಟ ಸರಿಮಾಡಿಕೊಂಡು ಎದ್ದ. ನಮ್ಮನ್ನ ಕರೆಸಿ ಅವಮಾನ ಮಾಡಾಕತ್ತೀರೇನು ಎಂದು ಒಬ್ಬ, ಮುಹೂರ್ತ ಮೀರತೈತಿ ಎಂದು ಇನ್ನೊಬ್ಬ. ಮದುಮಗಳು ತಲೆ ತಗ್ಗಿಸಿ ಅಳತೊಡಗಿದಳು. ಉಡಚಪ್ಪ ಡಬ್ಬಿಯ ವೈರು ಎಂದುಕೊಂಡು ಕೈಗೆ ಸಿಕ್ಕ ವೈರು ಕಿತ್ತ. ಅದು ಇಡೀ ಹಂದರದ್ದು. ಫ್ಯಾನು, ದೀಪ, ಮೈಕು ಎಲ್ಲ ಒಮ್ಮೆಗೇ ನಿಂತವು. ಭೂಮಿ ಬಾಯಿ ಬಿಡಲಿ ಎಂದು ಅವನು ಬೇಡಿಕೊಂಡ. ಮೇಡ್ಲೇರಿಯ ಕರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆದರೆ ಅಷ್ಟು ದೊಡ್ಡದಲ್ಲ.

ಆಗ ಗಂಡಸರ ನಡುವಿನಿಂದ ಬಿಳಿ ಅಂಗಿ ಎದ್ದು ನಿಂತಿತು.

"ಸೋಮವ್ವಾ, ಅದು ನನ್ನ ಸೀನವ್ವಾ," ಎಂದ ಗೂಡುಸಾಬ.

ಎಲ್ಲರೂ ತಿರುಗಿದರು.

"ಬ್ಯಾಡಗ್ಯಾಗ ಮೆಣಸಿನಕಾಯಿ ಗೋದಾಮಿನಾಗ ಕುಂತು ಢೋಲು ಬಾರಸಿದ್ದೆ. ಆವಾಗ ಸೀನಿದ್ದು. ಈ ಡಬ್ಬಿ ಅದನ್ನ ಹಿಡಕೊಂಡು ಮೂರು ಸಲ ಒದರೇತಿ. ಮೂರು ಸಲ ಒದರಿದ್ರೂ ಸೀನು ಒಂದ. ನಾ ಸತ್ತಿಲ್ಲವ್ವಾ, ಇಲ್ಲೇ ಅದೇನಿ. ಎರಡನೇದು ಈಗ ಸೀನ್ತೇನಿ."

ಸೋಮವ್ವ ಮತ್ತೆ ಬೆರಳು ಮಡಚಿ ಲೆಕ್ಕ ಹಾಕಿದಳು. ಈ ನ್ಯಾಯ ಅವಳಿಗೆ ಒಪ್ಪಿಗೆಯಾಯಿತು. ಸೊಂಟದ ಎಲೆಚೀಲದಿಂದ ನಶ್ಯದ ಡಬ್ಬಿ ತೆಗೆದು ತಾನೇ ಕೊಟ್ಟಳು. ಗೂಡುಸಾಬ ಒಂದು ಚಿಟಿಕೆ ಏರಿಸಿ, ಮೈಕಿಲ್ಲದೆ, ಹಂದರದ ಕೊನೆಯ ಸಾಲಿಗೂ ಮುಟ್ಟುವಂತೆ ಸೀನಿದ. ಐನೂರು ಜನ ಒಂದು ಸೀನಿಗೆ ಅಷ್ಟು ಸಂತೋಷಪಟ್ಟದ್ದನ್ನು ನಾವು ಬೇರೆಲ್ಲೂ ಕೇಳಿಲ್ಲ.

ತಳ್ಳುಗಾಡಿಯ ಕೆಳಗೆ ಹಳೆಯ ಢೋಲು ಬಿದ್ದಿತ್ತು. ಗೂಡುಸಾಬ ಅದನ್ನು ಎಳೆದು ಕೊರಳಿಗೆ ಹಾಕಿಕೊಂಡ. ಶಮಶೇರಸಾಬ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಗಟ್ಟಿಮೇಳ ಎದ್ದಿತು, ಅಕ್ಕಿಕಾಳು ಬಿದ್ದವು.

ಉಡಚಪ್ಪ ಕೇಳುತ್ತ ನಿಂತ. ಡಬ್ಬಿಯಲ್ಲಿದ್ದದ್ದೂ ಇದೇ ಕೈ, ಇದೇ ಪೆಟ್ಟು. ಆದರೆ ಡಬ್ಬಿಯ ಉರುಳಿಕೆ ತನ್ನ ಅಳತೆಗೆ ಮುಗಿಯುತ್ತಿತ್ತು. ಗೂಡುಸಾಬ ನೋಡಿಕೊಂಡು ಬಾರಿಸುತ್ತಿದ್ದ. ಹಿಂದಿನ ಸಾಲಿನ ಹೆಂಗಸರು ಮುಂದೆ ನುಗ್ಗಿ ಕಾಳು ಹಾಕುವವರೆಗೆ ಎಳೆದ, ಮದುಮಗಳು ಕಣ್ಣೊರೆಸಿಕೊಂಡು ನಗುವವರೆಗೆ ಎಳೆದ, ಆಮೇಲೆ ಇಳಿಸಿದ. ಮದುವೆ ಕಾಣುವ ಕಣ್ಣನ್ನು ಉಡಚಪ್ಪ ಯಾವ ಚಿಪ್ಪಿಗೂ ತುಂಬಿರಲಿಲ್ಲ. ತಾನು ಎಂಥ ದೊಡ್ಡ ದಡ್ಡ ಎಂಬುದು ಅವನಿಗೆ ಅಂದು ನಗು ಬರಿಸದೆ ಅರ್ಥವಾಯಿತು.

ಊಟ ಮುಗಿಸಿ ಕಂಪನಿಯ ಟೆಂಪೋದಲ್ಲಿ ರಾಣೇಬೆನ್ನೂರಿಗೆ ಹಿಂತಿರುಗುವಾಗ ಇಬ್ಬರೂ ಹಿಂದೆ ಸಾಮಾನಿನ ನಡುವೆ ಕೂತಿದ್ದರು. ಉಡಚಪ್ಪ ಕೋಟು ಕಳಚಿ ಗೂಡುಸಾಬನ ತೊಡೆಯ ಮೇಲಿಟ್ಟ.

"ಚಾಚಾ, ತಪ್ಪಾತು."

"ಕೋಟು ಕೊಟ್ಟರ ಆತೇನೋ? ಇದನ್ನ ಹಾಕ್ಕೊಂಡು ಮನ್ಯಾಗ ಕುಂದರಲೇನು?" ಗೂಡುಸಾಬ ಕೋಟನ್ನು ಮುಟ್ಟಲಿಲ್ಲ. ಹೊರಗಿನ ಕಬ್ಬಿನ ಹೊಲ ನೋಡುತ್ತ ಹೇಳಿದ, "ನಿನ್ನ ಡಬ್ಬ್ಯಾಗ ನನ್ನ ಕೈ ಐತಿ. ನನ್ನ ಸೀನೂ ಐತಿ. ಹೊರಗ ಉಳದಾಂವ ನಾ ಒಬ್ಬನ."

ಉಡಚಪ್ಪನಿಗೆ ಅಳು ಬಂತು. ಡಬ್ಬಿಯನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಬೆನ್ನು ತಿರುಗಿಸಿ ನೋಡತೊಡಗಿದ.

ಮುಂದಿನ ವಾರವೆಲ್ಲ ಅವನು ಅಂಗಡಿಯ ಬೇರೆ ಕೆಲಸ ಮುಟ್ಟಲಿಲ್ಲ. ಹದಿನಾರನೆಯ ಸದ್ದಿನ ಚಿಪ್ಪು ಮಾಳಿಗೆಯ ಬಿಸಿಲಿಗೆ ಹೋಯಿತು. ಡಬ್ಬಿಯ ಬೆನ್ನಿಗೆ ಒಂದು ತೂತು ಇತ್ತು, ಇನ್ನೊಂದು ಯಂತ್ರದ ನಡಿಗೆಗೆ ಇದನ್ನು ಕಟ್ಟಿಹಾಕಲು ಮಾಡಿದ್ದು. ಕೆಟ್ಟ ಅಲಾರಂ ಗಡಿಯಾರದಿಂದ ಸದ್ದು ಮಾಡುವ ಹಿತ್ತಾಳೆಯ ಬಿಲ್ಲೆ ಕಿತ್ತು, ಅದಕ್ಕೆ ತಂತಿ ಬೆಸೆದು, ಗೂಡುಸಾಬನ ಢೋಲಿನ ಅಂಚಿಗೆ ಅಂಟಿಸಿ, ತಂತಿಯ ಇನ್ನೊಂದು ತುದಿಯನ್ನು ಆ ತೂತಿಗೆ ಕೊಟ್ಟ. ಡಬ್ಬಿ ತಾನಾಗಿ ನಡೆಯುವ ದಾರಿಯನ್ನು ಒಳಗಿಂದಲೇ ಕತ್ತರಿಸಿದ. ಈಗ ಢೋಲಿಗೆ ಒಂದು ಪೆಟ್ಟು ಬಿದ್ದರೆ ಡಬ್ಬಿ ಒಂದು ಹೆಜ್ಜೆ ಮುಂದೆ ಹೋಗಿ, ತಾಸೆಯನ್ನೋ ಕಂಚಿನ ತಾಳವನ್ನೋ ಜೊತೆಗೂಡಿಸುತ್ತಿತ್ತು. ಗೂಡುಸಾಬ ಜೋರು ಹೋದರೆ ಅದೂ ಜೋರು. ಅವನು ಎಳೆದರೆ ಅದೂ ಎಳೆಯುತ್ತಿತ್ತು. ಕೈ ನಿಂತರೆ ಡಬ್ಬಿ ಮೂಕ.

ಶಮಶೇರಸಾಬ ಕೇಳಿ ತಲೆದೂಗಿದ. ಒಬ್ಬನ ಕೈಯಲ್ಲಿ ಐದು ಜನರ ಸದ್ದು ಬರುತ್ತಿತ್ತು. ಆಮೇಲೆ ಅನುಮಾನ ಬಂತು.

"ಇದಕ್ಕ ಈಗ ಮನಷ್ಯಾ ಬೇಕೇನು?"

"ಬೇಕ್ರಿ ಮಾಲಕ್ರ. ಗೂಡುಸಾಬ ಚಾಚಾನ ಬೇಕು. ನನ್ನ ಕೈಗೆ ಇದು ನಡಿಯೂದಿಲ್ರಿ, ನೋಡೇನಿ."

"ಮೊದಲ ಬೇಕಾಗಿರಲಿಲ್ಲಲ್ಲೋ?"

"ಮೊದಲ ಕೆಟ್ಟಿತ್ರಿ," ಎಂದ ಉಡಚಪ್ಪ. "ಈಗ ರಿಪೇರಿ ಆಗೇತಿ."

ಆಷಾಢ ಹತ್ತುವ ಮುಂಚೆ ಕದರಮಂಡಲಗಿಯಲ್ಲಿ ಒಂದು ಮದುವೆ. ಗೂಡುಸಾಬ ಗಾಡಿಯ ಮುಂಭಾಗದಲ್ಲಿ, ಮೈಮೇಲೆ ಕೋಟು, ಕೊರಳಲ್ಲಿ ಢೋಲು. ಮೆರವಣಿಗೆ ಬಜಾರಕ್ಕೆ ತಿರುಗುವ ಹೊತ್ತಿಗೆ ಶಮಶೇರಸಾಬನ ಕಣ್ಣು ಡಬ್ಬಿಯ ಪಕ್ಕ ಸುಮ್ಮನೆ ನಿಂತಿದ್ದ ಉಡಚಪ್ಪನ ಮೇಲೆ ಬಿತ್ತು.

"ಅಲ್ಲೋ, ಡಬ್ಬಿ ಅಂವ ನಡಸ್ತಾನ. ನೀ ಯಾಕ ಮ್ಯಾಲ ನಿಂತೀದಿ? ಭಾರ."

ಉಡಚಪ್ಪ ಇದನ್ನು ಯೋಚಿಸಿರಲಿಲ್ಲ. ಇಷ್ಟು ದ್ರಾಬೆ ರಿಪೇರಿಯನ್ನು ತಾನು ಜನ್ಮದಲ್ಲಿ ಮಾಡಿರಲಿಲ್ಲ ಎಂದುಕೊಂಡ. ಏನೂ ಆಗದವನಂತೆ ನಕ್ಕು, ಒಂದು ಕಾಲು ಕೆಳಗಿಟ್ಟ.

ಢೋಲು ನಿಂತಿತು. ಡಬ್ಬಿ ನಿಂತಿತು. ಕಹಳೆಯವರು ಕಹಳೆಯಿಂದ ತುಟಿ ತೆಗೆದು ನೋಡಿದರು. ಕುಣಿಯುತ್ತಿದ್ದವರು ಎತ್ತಿದ ಕೈ ಇಳಿಸದೆ ತಿರುಗಿದರು. ಮದುಮಗನ ಕುದುರೆಯೂ ನಿಂತಿತು.

"ಎಲ್ಲಿಗೆ ಹೊಂಟೀದಿ?" ಎಂದ ಗೂಡುಸಾಬ.

"ಮ್ಯಾಲ ನನಗೇನೂ ಕೆಲಸಿಲ್ಲ ಚಾಚಾ."

"ಕೆಲಸಿಲ್ದ ಎರಡು ತಿಂಗಳ ನಾ ಬಾಗಲದಾಗ ಕುಂತಿದ್ದೆ. ಅದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ನಿನಗ ಬ್ಯಾಡ." ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಚಾಚಿದ. "ಹತ್ತು ಮ್ಯಾಲ. ನೀ ಹತ್ತೂತನಕ ನಾ ಬಾರಸೂದಿಲ್ಲ."

ಶಮಶೇರಸಾಬ ಗೂಡುಸಾಬನನ್ನು ನೋಡಿದ, ಸುಮ್ಮನೆ ಕೂತ ಡಬ್ಬಿಯನ್ನು ನೋಡಿದ, ಸಿಟ್ಟಾಗುತ್ತಿದ್ದ ಬೀಗರನ್ನು ನೋಡಿದ. "ಹತ್ತಪಾ ಮಾರಾಯಾ, ಹತ್ತು," ಎಂದ.

ಉಡಚಪ್ಪ ಆ ಕೈ ಹಿಡಿದು ಹತ್ತಿದ. ಗಾಡಿಯ ಮೇಲೆ ಅವನಿಗೆ ಅಂದೂ ಕೆಲಸವಿರಲಿಲ್ಲ, ಆಮೇಲೂ ಇರಲಿಲ್ಲ. ಗೂಡುಸಾಬನ ಕಾಲಿಗೆ ವೈರು ತೊಡರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದ.